ರಬ್ಬರ್ ಹಾಲು ಮತ್ತು ಫಾರ್ಮಿಕ್ ಆಸಿಡ್
(ಸಂಘದ ರಜತ ಮಹೋತ್ಸವದ ಅಂಗವಾಗಿ ನಡೆದ ಬೆಳೆಗಾರರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಇಪ್ಪತ್ತೈದು ವರ್ಷದ ಸಂಭ್ರಮದಲ್ಲಿ ಸಂಘದ ಸಾಧನೆಯ ಬಗ್ಗೆ ಮಾತಾಡುವವರು ಬೇಕಾದಷ್ಟು ಮಂದಿ ಇದ್ದಾರೆ. ನಮಗೆ ಕೊಟ್ಟ ವಿಷಯ ಮಾತ್ರ ಸ್ವಲ್ಪ ಖಾರದ್ದು. ಸಂಘದ ಮಳಿಗೆಯಿಂದ ನೀವೆಲ್ಲ ಕೊಂಡುಹೋಗುವ, ಶೀಟ್ ಮಾಡುವ ಪ್ರತಿ ಮನೆಯಲ್ಲೂ ಇರುವ ಫಾರ್ಮಿಕ್ ಆಸಿಡ್. ದಿನಾ ಕೈಯಾಡಿಸುವ ವಸ್ತುವಿನ ಮೇಲೆ ನಮಗೆ ಭಯ ಕಡಿಮೆ. ಆದ್ದರಿಂದಲೇ ನಾಲ್ಕು ಮಾತು ಹೇಳಬೇಕಾಗಿದೆ.

ಮೊದಲು, ಇದು ಎಂತದು ಅಂತ ನೋಡುವ. ಮಾವಿನ ಮರ ಹತ್ತಿದಾಗ ಕೆಂಪಿರುವೆ ಕಚ್ಚಿ ಉರಿ ಹತ್ತಿಸುತ್ತದಲ್ಲ, ಆ ಉರಿಯ ಹಿಂದೆ ಇರುವುದು ಇದೇ ಆಮ್ಲ. ಮಲೆನಾಡಿನ ಕಡೆ ಚಗಳಿ ಇರುವೆಯ ಚಟ್ನಿ ಮಾಡುತ್ತಾರೆ, ಅದರ ಹುಳಿಯೂ ಇದರದ್ದೇ. 1671ರಲ್ಲಿ ಇಂಗ್ಲೆಂಡಿನ ಜಾನ್ ರೇ ಎಂಬ ವಿಜ್ಞಾನಿ ಇರುವೆಗಳನ್ನು ಭಟ್ಟಿ ಇಳಿಸಿ ಈ ಆಮ್ಲವನ್ನು ಪಡೆದರು. ಲ್ಯಾಟಿನ್ ಭಾಷೆಯಲ್ಲಿ ಇರುವೆಗೆ 'ಫಾರ್ಮಿಕಾ' ಎನ್ನುತ್ತಾರೆ, ಹೆಸರು ಬಂದದ್ದು ಅಲ್ಲಿಂದ. ಈಗ ಕ್ಯಾನಿನಲ್ಲಿ ಬರುವುದು ಕಾರ್ಖಾನೆಯ ಮಾಲು, ಅದಕ್ಕೂ ಇರುವೆಗೂ ಸಂಬಂಧ ಇಲ್ಲ.

ನೋಡಲಿಕ್ಕೆ ನೀರಿನ ಹಾಗೆ, ಬಣ್ಣ ಇಲ್ಲ. ಮೂಗಿಗೆ ಕುಟುಕುವ ವಾಸನೆ. ಸಾಮಾನ್ಯವಾಗಿ ನಮಗೆ ಸಿಗುವುದು ಶೇಕಡಾ 85ರದ್ದು. ನೀರಿಗಿಂತ ತೂಕ ಜಾಸ್ತಿ, ಒಂದು ಲೀಟರ್ ಸುಮಾರು 1.2 ಕಿಲೋ ತೂಗುತ್ತದೆ. ಹಾಗಾಗಿ ಕಿಲೋ ಲೆಕ್ಕದಲ್ಲಿ ಕೊಂಡ ಆಸಿಡ್ ಲೀಟರಿನ ಅಳತೆಗೆ ಕಡಿಮೆ ಕಂಡರೆ ಸಂಘದವರು ಮೋಸ ಮಾಡಿದರು ಅಂತ ತಿಳಿಯಬೇಡಿ! ಗಂಧಕಾಮ್ಲದಷ್ಟು ಜೋರಲ್ಲ ನಿಜ. ಆದರೆ ಸಾವಯವ ಆಮ್ಲಗಳ ಪೈಕಿ ಇದು ಬಲವಾದದ್ದು. ವಿನೆಗರಿನಲ್ಲಿರುವ ಅಸಿಟಿಕ್ ಆಮ್ಲವನ್ನೂ ಇದನ್ನೂ ಹೋಲಿಸಿದರೆ ಆಮ್ಲತೆಯ ಅಳತೆಯಲ್ಲಿ ಇದು ಸುಮಾರು ಹತ್ತು ಪಟ್ಟು. 'ಸಾವಯವ' ಎಂಬ ಪದ ಕೇಳಿ ಸಾವಯವ ಗೊಬ್ಬರದ ಹಾಗೆ ನಿರಪಾಯ ಎಂದು ಯಾರೂ ಭಾವಿಸಬಾರದು.

ಚರ್ಮ ಹದಮಾಡಲಿಕ್ಕೆ, ಉಣ್ಣೆ ಬಟ್ಟೆಗೆ ಬಣ್ಣ ಹಾಕಲಿಕ್ಕೆ, ಜೇನುಪೆಟ್ಟಿಗೆಯ ನುಸಿ ಓಡಿಸಲಿಕ್ಕೆ, ಹೊರದೇಶಗಳಲ್ಲಿ ಹಸಿ ಮೇವು ಕೆಡದಂತೆ ಇಡಲಿಕ್ಕೆ ಇದನ್ನು ಬಳಸುತ್ತಾರೆ. ನಮಗೆ ಮುಖ್ಯ ಹಾಲು ಗಟ್ಟಿ ಮಾಡುವ ಕೆಲಸ. ರಬ್ಬರ್ ಹಾಲಿನಲ್ಲಿ ರಬ್ಬರಿನ ಸಣ್ಣ ಸಣ್ಣ ಕಣಗಳು ತೇಲುತ್ತಾ ಇರುತ್ತವೆ. ಅವುಗಳ ಮೇಲೆ ಒಂದೇ ಜಾತಿಯ ವಿದ್ಯುದಂಶ ಇರುವುದರಿಂದ ಒಂದನ್ನೊಂದು ದೂರ ತಳ್ಳುತ್ತವೆ. ಆಸಿಡ್ ಬಿದ್ದಾಗ ಆ ತಳ್ಳಾಟ ನಿಲ್ಲುತ್ತದೆ, ಕಣಗಳು ಕೂಡಿಕೊಂಡು ಗಡ್ಡೆ ಕಟ್ಟುತ್ತವೆ. ಮನೆಯಲ್ಲಿ ಹಾಲಿಗೆ ಹುಳಿ ಹಿಂಡಿದರೆ ಒಡೆಯುವ ಹಾಗೆಯೇ.

ಗಂಧಕಾಮ್ಲ ಅಗ್ಗ ಅಲ್ವಾ, ಅದನ್ನೇ ಹಾಕಿದರೆ ಏನು ಎಂದು ಕೆಲವರು ಕೇಳುತ್ತಾರೆ. ಫಾರ್ಮಿಕ್ ಆಸಿಡ್ ಆವಿಯಾಗುವ ಗುಣದ್ದು. ತೊಳೆದು ಒಣಗಿಸಿದಾಗ ಬಹುಪಾಲು ಹೊರಟುಹೋಗುತ್ತದೆ. ಗಂಧಕಾಮ್ಲ ಹಾಗಲ್ಲ, ಸರಿಯಾಗಿ ತೊಳೆಯದಿದ್ದರೆ ಶೀಟಿನಲ್ಲೇ ಉಳಿದು ರಬ್ಬರನ್ನು ಕೆಡಿಸುತ್ತದೆ, ಮೆಷಿನಿನ ರೋಲರನ್ನೂ ತಿನ್ನುತ್ತದೆ. ಇವತ್ತು ಉಳಿಸಿದ ನಾಲ್ಕು ಕಾಸು ನಾಳೆ ಗ್ರೇಡಿನಲ್ಲಿ ಹೋಗುತ್ತದೆ.

ಹದದ ಮಾತು ಹೇಳುವುದಾದರೆ, 85ರ ಆಸಿಡನ್ನು ಸೀದಾ ಹಾಲಿಗೆ ಹೊಯ್ಯಲೇಬಾರದು. ಎರಡು ಲೀಟರ್ ನೀರಿಗೆ 10 ಮಿಲಿ ಲೀಟರ್ ಆಸಿಡ್ ಹಾಕಿದರೆ ಸುಮಾರು ಶೇಕಡಾ ಅರ್ಧದ ದ್ರಾವಣ ಸಿಗುತ್ತದೆ. ಸೋಸಿ ನೀರು ಬೆರೆಸಿದ ಹಾಲಿಗೆ ಇದನ್ನು ಹಾಕಿ, ಚೆನ್ನಾಗಿ ಕಲಸಿ, ನೊರೆ ತೆಗೆಯಬೇಕು. ಎಷ್ಟು ದ್ರಾವಣ ಎಂಬುದು ಹಾಲಿನ ದಪ್ಪದ ಮೇಲೆ, ಶೀಟ್ ಅದೇ ದಿನ ಒತ್ತುವುದೋ ಮರುದಿನವೋ ಎಂಬುದರ ಮೇಲೆ ನಿಂತದ್ದು. ರಬ್ಬರ್ ಬೋರ್ಡಿನ ಕ್ಷೇತ್ರಾಧಿಕಾರಿಗಳನ್ನು ಕೇಳಿ ನಿಮ್ಮ ಡಿಶ್ಶಿನ ಲೆಕ್ಕ ಬರೆದಿಟ್ಟುಕೊಳ್ಳಿ. ಗಡ್ಡೆ ತೆಗೆದ ಮೇಲೆ ಉಳಿದ ನೀರು ತಿಳಿಯಾಗಿದ್ದರೆ ಹದ ಸರಿ. ಬೆಳ್ಳಗೆ ಹಾಲಿನ ಹಾಗಿದ್ದರೆ ಆಸಿಡ್ ಸಾಲಲಿಲ್ಲ, ನಿಮ್ಮ ರಬ್ಬರು ಚರಂಡಿಗೆ ಹೋಯಿತು ಅಂತ ಲೆಕ್ಕ. ಹೆಚ್ಚಾದರೆ ಗಡ್ಡೆ ಕಲ್ಲಾಗಿ ಮೆಷಿನಿಗೆ ಕೊಡಲಿಕ್ಕೆ ಕಷ್ಟ, ಶೀಟ್ ಒಣಗಲಿಕ್ಕೂ ತಡ. ಹುಳಿ ನೀರನ್ನು ಬಾವಿಯ ಹತ್ತಿರಕ್ಕೋ ತೋಡಿಗೋ ಬಿಡಬೇಡಿ. ಅದನ್ನು ಗೋಬರ್ ಗ್ಯಾಸಿನ ಮಾದರಿಯ ಸ್ಥಾವರಕ್ಕೆ ಕೊಟ್ಟು ಅನಿಲ ಪಡೆಯಲಿಕ್ಕೂ ಬರುತ್ತದೆ.

ಇನ್ನು ಸುರಕ್ಷತೆ. ಈ ಭಾಗವನ್ನು ಮನೆಯವರೆಲ್ಲ ಓದಬೇಕು.

ಒಂದು: ಯಾವಾಗಲೂ ನೀರಿಗೆ ಆಸಿಡ್ ಹಾಕಬೇಕು, ಆಸಿಡಿಗೆ ನೀರು ಹಾಕಬಾರದು. ಹಾಕಿದರೆ ಬಿಸಿಯೇರಿ ಮುಖಕ್ಕೆ ಸಿಡಿಯಬಹುದು.

ಎರಡು: ಅಳೆಯುವಾಗ ಕೈಗೆ ರಬ್ಬರ್ ಗ್ಲೌಸು, ಕಣ್ಣಿಗೆ ಕನ್ನಡಕ, ಕಾಲಿಗೆ ಬೂಟು ಇರಲಿ. ಗಾಳಿಯಾಡುವ ಜಾಗದಲ್ಲೇ ಅಳೆಯಿರಿ. ಬಾಯಲ್ಲಿ ನಳಿಗೆ ಇಟ್ಟು ಎಳೆಯುವ ಅಭ್ಯಾಸ ಖಂಡಿತ ಬೇಡ.

ಮೂರು: ಕ್ಯಾನಿನಲ್ಲಿ ಆವಿ ಒತ್ತಿಕೊಂಡಿರಬಹುದು. ಮುಚ್ಚಳವನ್ನು ನಿಧಾನ ತಿರುಗಿಸಿ, ಮುಖ ದೂರ ಇಡಿ. ಒಲೆಯ, ಹೊಗೆಮನೆಯ ಬೆಂಕಿಯ ಹತ್ತಿರ ಇಡಬೇಡಿ. ಲೋಹದ ಡಬ್ಬಿಗೆ ಹೊಯ್ಯಬೇಡಿ, ತಿಂದುಬಿಡುತ್ತದೆ. ಬ್ಲೀಚಿಂಗ್ ಪೌಡರ್, ಗಂಧಕಾಮ್ಲ, ಹಾಲಿಗೆ ಹಾಕುವ ಅಮೋನಿಯಾ ಇವುಗಳ ಜತೆ ಒಂದೇ ಮೂಲೆಯಲ್ಲಿ ಇಡಬೇಡಿ.

ನಾಲ್ಕು, ಎಲ್ಲಕ್ಕಿಂತ ದೊಡ್ಡದು: ಸೋಡ, ಶರಬತ್ತು, ಕುಡಿಯುವ ನೀರಿನ ಬಾಟ್ಲಿಗೆ ಆಸಿಡ್ ತುಂಬಬಾರದು. ಬಣ್ಣ ಇಲ್ಲದ ದ್ರವ, ಬಾಯಾರಿದ ಮಗು, ಸಂಜೆಯ ಕತ್ತಲು. ಉಳಿದದ್ದನ್ನು ನಾವು ಹೇಳಬೇಕಾಗಿಲ್ಲ. ನಮ್ಮ ಹಾಗೆಯೇ ರಬ್ಬರ್ ಬೆಳೆಯುವ ಕೇರಳದ ಕೊಟ್ಟಾಯಂನಿಂದ, ಈ ಆಸಿಡ್ ಹೊಟ್ಟೆಗೆ ಹೋದ 53 ಪ್ರಕರಣಗಳ ಬಗ್ಗೆ ವೈದ್ಯರು 1985ರಲ್ಲೇ ವರದಿ ಪ್ರಕಟಿಸಿದ್ದಾರೆ. ಅವು ಕೈತಪ್ಪಿನವಲ್ಲ, ಮನಸ್ಸು ಸೋತವರು ತಾವಾಗಿ ಕುಡಿದವು. ಗಂಟಲು, ಹೊಟ್ಟೆ ಸುಡುವುದಲ್ಲದೆ ರಕ್ತವನ್ನೂ ಮೂತ್ರಪಿಂಡವನ್ನೂ ಇದು ಕೆಡಿಸುತ್ತದೆ. ಆದ್ದರಿಂದ ಬೀಗ ಹಾಕಿ ಇಡುವುದು ಮಕ್ಕಳಿಗಾಗಿ ಮಾತ್ರ ಅಲ್ಲ. ಮನೆಯಲ್ಲಿ ಯಾರಾದರೂ ಬೇಸರದಲ್ಲಿ, ಮಾತು ಬಿಟ್ಟು ಕುಳಿತಿದ್ದರೆ ಅವರ ಹತ್ತಿರ ಕೂತು ಮಾತಾಡಿ, ಬೀಗದ ಕೈ ನಿಮ್ಮ ಸೊಂಟದಲ್ಲಿರಲಿ.

ಅಪಾಯ ಆದರೆ ಏನು ಮಾಡಬೇಕು? ಮೈಮೇಲೆ ಬಿದ್ದರೆ ಬಟ್ಟೆ ಕಳಚಿ ಹರಿಯುವ ನೀರಿನಲ್ಲಿ ಕಾಲು ಗಂಟೆಗೆ ಕಡಿಮೆ ಇಲ್ಲದೆ ತೊಳೆಯಿರಿ. ಕಣ್ಣಿಗೆ ಬಿದ್ದರೆ ರೆಪ್ಪೆ ಬಿಡಿಸಿ ಹಾಗೆಯೇ ತೊಳೆಯುತ್ತಾ ಇರಿ, ಆಮೇಲೆ ಆಸ್ಪತ್ರೆ. ಸುಣ್ಣ, ಎಣ್ಣೆ, ಅರಸಿನ ಹಚ್ಚಬೇಡಿ. ನುಂಗಿದ್ದರೆ ಬಾಯಿ ಮುಕ್ಕಳಿಸಲಿ, ವಾಂತಿ ಮಾತ್ರ ಮಾಡಿಸಬೇಡಿ, ಮತ್ತೊಮ್ಮೆ ಗಂಟಲು ಸುಡುತ್ತದೆ. ಸೋಡಾಪುಡಿ ಕುಡಿಸಬೇಡಿ. ಕ್ಯಾನಿನ ಲೇಬಲ್ ಹಿಡಿದುಕೊಂಡೇ ಆಸ್ಪತ್ರೆಗೆ ಓಡಿ. ಆವಿ ಎಳೆದು ಕೆಮ್ಮು ಹತ್ತಿದವರನ್ನು ಬಯಲಿನ ಗಾಳಿಗೆ ತನ್ನಿ.

ಕೊನೆಗೆ ಸಂಘದ ಮಾತು. 2013ರಲ್ಲಿ ಸುಪ್ರೀಂ ಕೋರ್ಟು ಆಸಿಡಿನ ಚಿಲ್ಲರೆ ಮಾರಾಟಕ್ಕೆ ಕಟ್ಟುನಿಟ್ಟು ಹಾಕಿತು: ಕೊಳ್ಳುವವರ ಗುರುತಿನ ಚೀಟಿ, ವಿಳಾಸ, ಕಾರಣ ರಿಜಿಸ್ಟರಿನಲ್ಲಿ ಇರಬೇಕು, 18 ವರ್ಷ ತುಂಬದವರಿಗೆ ಕೊಡಬಾರದು. ಹೆಣ್ಣುಮಕ್ಕಳ ಮುಖದ ಮೇಲೆ ನಡೆದ ಘೋರ ಕೃತ್ಯಗಳ ಹಿನ್ನೆಲೆಯಲ್ಲಿ ಬಂದ ಆದೇಶ ಅದು. ಆದ್ದರಿಂದ ಮಳಿಗೆಯ ಹುಡುಗ ಹೆಸರು ಕೇಳಿದರೆ 'ನನ್ನ ಗುರ್ತ ಇಲ್ವಾ ನಿನಗೆ' ಎಂದು ಸಿಟ್ಟಾಗಬೇಡಿ. ಮಗನ ಕೈಯಲ್ಲಿ ಖಾಲಿ ಬಾಟ್ಲಿ ಕೊಟ್ಟು ಆಸಿಡ್ ತರಲಿಕ್ಕೆ ಕಳಿಸಬೇಡಿ. ನೀವೇ ಬನ್ನಿ, ಲೇಬಲ್ ಇರುವ ಕ್ಯಾನನ್ನೇ ಒಯ್ಯಿರಿ.

ಇಪ್ಪತ್ತೈದು ವರ್ಷದಲ್ಲಿ ಸಂಘ ನಮಗೆ ಒಳ್ಳೆ ದರ ಕೊಡಿಸಲಿಕ್ಕೆ ದುಡಿದಿದೆ. ಆ ದರ ಎಣಿಸಲಿಕ್ಕೆ ಕೈ, ನೋಡಲಿಕ್ಕೆ ಕಣ್ಣು ನೆಟ್ಟಗಿರಬೇಕು. ಇವತ್ತು ಮನೆಗೆ ಹೋದ ಕೂಡಲೇ ನಿಮ್ಮ ಆಸಿಡ್ ಎಲ್ಲಿದೆ ಎಂದು ಒಮ್ಮೆ ನೋಡಿ. ಕಪಾಟಿಗೆ ಬೀಗ ಇಲ್ಲದಿದ್ದರೆ ನಾಳೆಯೇ ಹಾಕಿಸಿ.