ಹಾಸನ ಹೆಸ್ಸೆನ್ ಆಗದಂತೆ



ಹಾಸನ ಅಂತ ಇಂಗ್ಲಿಷಿನಲ್ಲಿ ಬರೆದುಕೊಳ್ಳಿ: ಎಚ್, ಎ, ಎಸ್, ಎಸ್, ಎ, ಎನ್. ಇಲ್ಲಿ ಕೀಲಿ ಒತ್ತಿದ್ದನ್ನು ತಂತಿಯ ಮೂಲಕ ದೂರದಲ್ಲಿ ಅಚ್ಚು ಹಾಕುತ್ತಿದ್ದ ಟೆಲಿಪ್ರಿಂಟರ್‌ನಲ್ಲಿ ಇದನ್ನು ಕಳಿಸುವಾಗ ಪ್ರತಿ ಅಕ್ಷರವೂ ಐದು ವಿದ್ಯುತ್ ಮಿಡಿತಗಳಾಗಿ ತಂತಿಗೆ ಇಳಿಯುತ್ತಿತ್ತು. ಎರಡನೆಯ ಮಿಡಿತವನ್ನು ಕಳಿಸುವ ಲೋಹದ ತುದಿಗೆ, ಅಂದರೆ ಕಾಂಟ್ಯಾಕ್ಟಿಗೆ, ಒಂದಿಷ್ಟು ಕೊಳೆ ಕೂತು ಅದು ಕೈಕೊಟ್ಟಿತು ಅನ್ನಿ. ಆಗ ‘ಎ’ ಅಕ್ಷರವೆಲ್ಲ ‘ಇ’ ಆಗುತ್ತದೆ, ಈ ಹೆಸರಿನ ಉಳಿದ ಅಕ್ಷರಗಳಿಗೆ ಏನೂ ಆಗುವುದಿಲ್ಲ. ಆ ತುದಿಯಲ್ಲಿ ಅಚ್ಚಾಗಿ ಬರುವುದು ಹೆಸ್ಸೆನ್. ಅದು ಜರ್ಮನಿಯ ಒಂದು ರಾಜ್ಯ! ಯಂತ್ರ ತಪ್ಪಿದರೂ ಎಷ್ಟು ಅಚ್ಚುಕಟ್ಟಾಗಿ ತಪ್ಪುತ್ತದೆ ನೋಡಿ. ಈ ತಪ್ಪು ಆಗದ ಹಾಗೆ ಕಾಯ್ದವರು ಸಂದೇಶ ಬರೆದವರೂ ಅಲ್ಲ, ಕೀಲಿ ಒತ್ತಿದವರೂ ಅಲ್ಲ. ಮೆಕ್ಯಾನಿಕ್‌ಗಳು.

ಮೊದಲು ಹೀಗಿರಲಿಲ್ಲ. ಭಾರತದಲ್ಲಿ ತಂತಿ ಸೇವೆ ಸಾರ್ವಜನಿಕರಿಗೆ ತೆರೆದದ್ದು 1855ರಲ್ಲಿ. 1882ರ ಹೊತ್ತಿಗೆ ಬೆಂಗಳೂರು–ಮೈಸೂರು ರೈಲು ಓಡತೊಡಗಿತು. ಆ ದಾರಿಯ ಕೆಂಗೇರಿಯಂಥ ಸ್ಟೇಷನ್ನುಗಳಲ್ಲೂ ತಂತಿ ಬಡಿಯುತ್ತಿದ್ದ ಆ ಕಾಲ ಮಾರ್ಸ್ ಸಂಕೇತದ ಕಾಲ, ಚುಕ್ಕೆ-ಗೆರೆಗಳ ಕಟ್ಟು-ಕಡ ಸದ್ದಿನ ಕಾಲ. ಕೀಲಿಯ ಕೆಳಗಿನ ಎರಡು ಲೋಹದ ತುದಿಗಳ ನಡುವೆ ಎಷ್ಟು ಸಂದು ಇರಬೇಕು, ಸ್ಪ್ರಿಂಗು ಎಷ್ಟು ಬಿಗಿ ಇರಬೇಕು ಅನ್ನುವುದನ್ನು ಕಳಿಸುವಾತನೇ ತನ್ನ ಕೈಗೆ ಒಗ್ಗುವಂತೆ ತಿರುಪು ತಿರುಗಿಸಿ ಇಟ್ಟುಕೊಳ್ಳುತ್ತಿದ್ದ. ಚುಕ್ಕೆ ಕೊಂಚ ಉದ್ದವಾದರೂ ಆ ಕಡೆಯವನ ಕಿವಿ ತಿದ್ದಿಕೊಂಡು ಕೇಳುತ್ತಿತ್ತು. ಕೈಬರಹದಂತೆ ಕೈಬಡಿತವನ್ನು ಗುರುತಿಸಿ, ಕಳಿಸುತ್ತಿರುವವರು ಯಾರು ಅಂತ ಹೇಳುವ ಜಾಣರೂ ಇದ್ದರು.

ಫ್ರಾನ್ಸಿನ ಎಮಿಲ್ ಬೋದೊ 1870ರ ದಶಕದಲ್ಲಿ ಐದು ಮಿಡಿತಗಳ ಸಂಕೇತ ರೂಪಿಸಿದರು. ನ್ಯೂಜಿಲೆಂಡಿನ ಡೊನಾಲ್ಡ್ ಮರ್ರಿ ಅದನ್ನು ಟೈಪ್‌ರೈಟರ್ ಕೀಲಿಮಣೆಗೆ ಹೊಂದಿಸಿದರು. ಆಮೇಲೆ ಪ್ರತಿ ಅಕ್ಷರದ ಹಿಂದೆ ಮುಂದೆ ‘ಶುರು’ ಮತ್ತು ‘ನಿಲ್ಲು’ ಎನ್ನುವ ಮಿಡಿತಗಳು ಸೇರಿಕೊಂಡವು. ನಮ್ಮಲ್ಲೂ ಬಳಕೆಯಾದ 50 ಬಾಡ್ ವೇಗದಲ್ಲಿ ಒಂದು ಮಿಡಿತಕ್ಕೆ ಸೆಕೆಂಡಿನ ಸಾವಿರದಲ್ಲಿ 20 ಭಾಗ. ಶುರು, ಐದು ಮಿಡಿತ, ಕೊಂಚ ಉದ್ದನೆಯ ನಿಲ್ಲು, ಎಲ್ಲ ಕೂಡಿ ಅಕ್ಷರಕ್ಕೆ 150 ಭಾಗ. ಮನುಷ್ಯನ ಕಿವಿಯಿಂದ ಈ ಲೆಕ್ಕ ಆಗದು. ಆ ಕಡೆಯ ಯಂತ್ರ ಪ್ರತಿ ಮಿಡಿತದ ನಡುಮಧ್ಯದಲ್ಲಿ ಒಮ್ಮೆ ಇಣುಕಿ, ಕಂಡದ್ದನ್ನೇ ನಂಬಿ ಅಚ್ಚು ಹಾಕುತ್ತದೆ. ತಿದ್ದಿಕೊಂಡು ಓದುವ ದೊಡ್ಡ ಮನಸ್ಸು ಅದಕ್ಕಿಲ್ಲ.

ಹಾಗಾಗಿ ಕಳಿಸುವವನ ಬೆರಳಲ್ಲಿದ್ದ ನಾಜೂಕೆಲ್ಲ ಮೆಕ್ಯಾನಿಕ್ಕನ ಬೆರಳಿಗೆ ವರ್ಗವಾಯಿತು. ಬೆಂಗಳೂರಿನ ರಾಜಾಜಿನಗರ, ವಿಜಯನಗರದ ಹಳೆಯ ಗ್ಯಾರೇಜುಗಳಲ್ಲಿ ಜಾವಾ ಬೈಕಿನ ಪಾಯಿಂಟ್ ಸೆಟ್ ಮಾಡುವುದನ್ನು ನೋಡಿದವರಿಗೆ ಈ ಕೆಲಸ ಬೇಗ ಅರ್ಥವಾಗುತ್ತದೆ. ಸಂದು ಅಳೆಯುವ ಅದೇ ಫೀಲರ್ ಗೇಜು, ಅದೇ ಸಣ್ಣ ತಿರುಪು, ಕಿಡಿ ಹಾರಿ ಗುಳಿಬಿದ್ದ ಅದೇ ಲೋಹದ ತುದಿ, ಆ ಕಿಡಿಯನ್ನು ನುಂಗಲು ಇಟ್ಟ ಅದೇ ಕಂಡೆನ್ಸರ್. ಆದರೆ ಬೈಕು ಸ್ವಲ್ಪ ಕೆಮ್ಮಿಕೊಂಡಾದರೂ ಮನೆ ಮುಟ್ಟಿಸುತ್ತದೆ, ಟೆಲಿಪ್ರಿಂಟರ್ ಕೆಮ್ಮಿದರೆ ಅಕ್ಷರವೇ ಬದಲಾಗುತ್ತದೆ.

ಟೆಲಿಪ್ರಿಂಟರ್‌ನಲ್ಲಿ ಮೊದಲು ಶುಚಿ. ತುದಿಗಳನ್ನು ಮರಳುಕಾಗದದಿಂದ ಉಜ್ಜಿದರೆ ಅದರ ಪುಡಿಯೇ ಅಲ್ಲಿ ಕೂತು ಹೊಸ ತೊಂದರೆ ತರುತ್ತದೆ. ಅದಕ್ಕೇ ತೆಳ್ಳನೆಯ ಉಕ್ಕಿನ ಪಟ್ಟಿಯಿಂದ ಹಗುರವಾಗಿ ಸವರಬೇಕಿತ್ತು. ಆಮೇಲೆ ಸ್ಪ್ರಿಂಗಿನ ಎಳೆತವನ್ನು ಗ್ರಾಂ ಲೆಕ್ಕದ ಪುಟ್ಟ ಗೇಜಿನಿಂದ ಅಳೆಯುವುದು, ಆಮೇಲೆ ಸಂದು. ಮೋಟಾರಿನ ವೇಗವೂ ಸರಿಯಿರಬೇಕಿತ್ತು. ಇಂಗ್ಲೆಂಡಿನ ಕ್ರೀಡ್ ಕಂಪನಿಯ ಯಂತ್ರಗಳಲ್ಲಿ ಅದಕ್ಕೊಂದು ಸೊಗಸಾದ ಉಪಾಯವಿತ್ತು: ಟ್ಯೂನಿಂಗ್ ಫೋರ್ಕನ್ನು ಮಿಡಿಸಿ, ಅದರ ಸೀಳಿನ ಮೂಲಕ ತಿರುಗುವ ಚಕ್ರದ ಕಪ್ಪುಬಿಳಿ ಪಟ್ಟೆಗಳನ್ನು ನೋಡುವುದು. ಪಟ್ಟೆಗಳು ನಿಂತಂತೆ ಕಂಡರೆ ವೇಗ ಸರಿ, ತೆವಳಿದರೆ ತಪ್ಪು.

ಇಷ್ಟಾದ ಮೇಲೆ ಪರೀಕ್ಷೆ. ಹೌದು, ಇಲ್ಲ, ಹೌದು, ಇಲ್ಲ ಎಂದು ಸಮನಾದ ಮಿಡಿತಗಳನ್ನು ಬಿಡದೆ ಕಳಿಸಿ, ನಡುವೆ ಸೊನ್ನೆಯಿರುವ ಮೀಟರನ್ನು ಜೋಡಿಸುತ್ತಿದ್ದರು. ಎರಡೂ ಬಗೆ ಸಮ ಹೊತ್ತು ಬಾಳಿದರೆ ಮುಳ್ಳು ಸೊನ್ನೆಯ ಮೇಲೆ ನಿಲ್ಲುತ್ತಿತ್ತು. ಒಂದು ಕಡೆ ವಾಲಿದರೆ ಅತ್ತ ಸಂದು ಕಡಿಮೆ, ಇತ್ತ ಹೆಚ್ಚು. ತಿರುಪನ್ನು ಒಂದು ಎಳೆ ಸಡಿಲಿಸಬೇಕಿತ್ತು. ಆಮೇಲೆ ‘ಆರ್ ವೈ, ಆರ್ ವೈ’ ಅಂತ ಸಾಲುಗಟ್ಟಲೆ. ಆರ್ ಅಕ್ಷರದಲ್ಲಿ ಎರಡನೆಯ, ನಾಲ್ಕನೆಯ ಮಿಡಿತ. ವೈ ಅಕ್ಷರದಲ್ಲಿ ಒಂದು, ಮೂರು, ಐದು. ಎರಡೂ ಸೇರಿ ಐದೂ ಕಾಂಟ್ಯಾಕ್ಟಿಗೆ ಒಂದು ಕ್ಷಣವೂ ಬಿಡುವು ಕೊಡುವುದಿಲ್ಲ. ಕೊನೆಗೆ ಸೋಮಾರಿ ನಾಯಿಯ ಮೇಲೆ ಹಾರುವ ಕಂದು ನರಿಯ ಇಂಗ್ಲಿಷ್ ವಾಕ್ಯ, ಅದರಲ್ಲಿ 26 ಅಕ್ಷರಗಳೂ ಇವೆ.

ನರಿಯ ಜೊತೆ ಅಂಕಿಗಳನ್ನೂ ಕಳಿಸಿ ನೋಡುವುದಿತ್ತು. ಯಾಕೆ ಅಂತೀರಾ? ಹಾಸನವನ್ನು ಹೆಸ್ಸೆನ್ ಮಾಡಿದ ಅದೇ ಎರಡನೆಯ ಮಿಡಿತ ಬಿದ್ದುಹೋದರೆ 1 ಎಂಬ ಅಂಕಿ 6 ಆಗುತ್ತದೆ. ಊರಿನ ಹೆಸರು ಕೆಟ್ಟರೆ ಓದುವವರು ನಕ್ಕು ತಿದ್ದಿಕೊಂಡಾರು. ತಂತಿ ಮನಿಯಾರ್ಡರಿನ ಮೊತ್ತ ಕೆಟ್ಟರೆ ಯಾರಿಗೂ ಅನುಮಾನವೇ ಬಾರದು! ಸಂದೇಶದ ಕೊನೆಯಲ್ಲಿ ಅಂಕಿಗಳನ್ನು ಮತ್ತೊಮ್ಮೆ ಕಳಿಸುವ ರೂಢಿ ಇದ್ದದ್ದು ಸುಮ್ಮನೆ ಅಲ್ಲ.

ಈ ಯಂತ್ರಗಳನ್ನು ಇಲ್ಲೇ ತಯಾರಿಸಲು 1960ರಲ್ಲಿ ಮದರಾಸಿನಲ್ಲಿ ಹಿಂದೂಸ್ತಾನ್ ಟೆಲಿಪ್ರಿಂಟರ್ಸ್ ಹುಟ್ಟಿತು, ಇಟಲಿಯ ಒಲಿವೆಟ್ಟಿಯ ನೆರವಿನಿಂದ. ತಂತಿ ಕಚೇರಿ, ಬ್ಯಾಂಕು, ಪತ್ರಿಕಾಲಯ, ಆಕಾಶವಾಣಿಯ ಸುದ್ದಿ ವಿಭಾಗ, ಎಲ್ಲ ಕಡೆ ಅದರ ಟಕಟಕ. ಆದರೆ ಐದು ಮಿಡಿತಗಳಿಂದ ಹುಟ್ಟುವುದು 32 ಸಂಕೇತ ಮಾತ್ರ, ನಮ್ಮ ವರ್ಣಮಾಲೆ ಕಾಗುಣಿತ ಸಮೇತ ಅದರಲ್ಲಿ ಹಿಡಿಸುವುದೆಲ್ಲಿ? ಪಿಟಿಐ, ಯುಎನ್ಐ ಸುದ್ದಿ ಇಂಗ್ಲಿಷಿನಲ್ಲಿ ಸುರುಳಿಯಾಗಿ ಇಳಿಯುತ್ತಿತ್ತು, ಕನ್ನಡ ಪತ್ರಿಕೆಗಳ ಉಪಸಂಪಾದಕರು ಅದನ್ನು ಹರಿದುಕೊಂಡು ಅನುವಾದಕ್ಕೆ ಕೂರುತ್ತಿದ್ದರು. ಅವಸರದ ಕನ್ನಡ ಗದ್ಯ ಪಳಗಿದ್ದು ಬಹುಮಟ್ಟಿಗೆ ಆ ಮೇಜುಗಳ ಮೇಲೆ ಅಂತ ನನ್ನ ಅಭಿಪ್ರಾಯ.

ಎಲೆಕ್ಟ್ರಾನಿಕ್ ಟೆಲಿಪ್ರಿಂಟರ್ ಬಂದಾಗ ಹೊತ್ತು ಅಳೆಯುವ ಕೆಲಸ ಸ್ಫಟಿಕಕ್ಕೆ ಹೋಯಿತು. ಸವೆಯುವ ತುದಿಯೇ ಇಲ್ಲದ ಮೇಲೆ ಫೀಲರ್ ಗೇಜಿಗೇನು ಕೆಲಸ? ತಂತಿ ಸೇವೆಯೂ 2013ರ ಜುಲೈನಲ್ಲಿ ನಿಂತಿತು. ಆದರೆ ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನಂಥ ಕಡೆ ಯಂತ್ರಕ್ಕೆ ಸೀರಿಯಲ್ ಪೋರ್ಟ್ ಜೋಡಿಸುವ ಹುಡುಗರು ಈಗಲೂ ಮೊದಲು ಕೇಳುವುದು ಎರಡೇ ಪ್ರಶ್ನೆ: ಮಿಡಿತಗಳ ವೇಗ ಅಂದರೆ ಬಾಡ್ ರೇಟ್ ಎಷ್ಟು, ಅದೇ ಹಳೆಯ ‘ನಿಲ್ಲು’ ಮಿಡಿತ ಅಂದರೆ ಸ್ಟಾಪ್ ಬಿಟ್ ಎಷ್ಟು.