ಅಗ್ಗದ ಮಾತ್ರೆ ಮತ್ತು ರೋಗಿಯ ಸಂಶಯ



ನಮ್ಮ ಅಮ್ಮ ರಕ್ತದೊತ್ತಡಕ್ಕೆ ಬಹಳ ವರ್ಷ ಒಂದೇ ಮಾತ್ರೆ ನುಂಗುತ್ತಿದ್ದರು, ಗುಲಾಬಿ ಬಣ್ಣದ್ದು. ಒಮ್ಮೆ ಔಷಧಿ ಅಂಗಡಿಯವರು ಅದೇ ಔಷಧದ, ಅರ್ಧ ಬೆಲೆಯ ಬಿಳಿ ಮಾತ್ರೆ ಕೊಟ್ಟರು. ಅಮ್ಮ ಮುಟ್ಟಲಿಲ್ಲ. ವಿಜ್ಞಾನ ಓದಿದ ಮಗ ಎರಡು ದಿನ ವಿವರಿಸಿದ್ದು ವ್ಯರ್ಥವಾಯಿತು. "ನಿನಗೇನಪ್ಪ, ನುಂಗುವವಳು ನಾನು" ಎಂದರು.

ಇದೇ ಮಾತನ್ನು ಎಚ್.ಐ.ವಿ. ಸೋಂಕಿರುವವರು ಹೇಳಿದರೆ ಅದರ ತೂಕ ಇನ್ನೂ ಹೆಚ್ಚು. ಈ ವೈರಸ್ ತನ್ನ ಪ್ರತಿಗಳನ್ನು ಮಾಡಿಕೊಳ್ಳುವಾಗ ಪದೇ ಪದೇ ತಪ್ಪು ಮಾಡುತ್ತದೆ. ಔಷಧ ಆಗಾಗ ತಪ್ಪಿದರೆ, ಆ ತಪ್ಪು ಪ್ರತಿಗಳ ಪೈಕಿ ಔಷಧಕ್ಕೆ ಬಗ್ಗದಂಥವು ಉಳಿದು ಬೆಳೆಯುತ್ತವೆ. ಆದ್ದರಿಂದಲೇ ಸಾಮಾನ್ಯವಾಗಿ ಮೂರು ಔಷಧಗಳನ್ನು ಕೂಡಿಸಿ, ದಿನವೂ, ಜೀವಮಾನವಿಡೀ ಕೊಡುತ್ತಾರೆ. ಹೊಸ ಮಾತ್ರೆಯ ಮೇಲೆ ನಂಬಿಕೆ ಬಾರದೆ ಒಬ್ಬರು ಚಿಕಿತ್ಸೆ ಬಿಟ್ಟರೆ, ಕೆಡುವುದು ಮಾತ್ರೆಯಿಂದಲ್ಲ, ಬಿಟ್ಟದ್ದರಿಂದ.

ಜೆನೆರಿಕ್ ಎಂದರೆ ಅದೇ ರಾಸಾಯನಿಕ, ಅದೇ ಪ್ರಮಾಣ. ಬಣ್ಣ, ಆಕಾರ, ಮಾತ್ರೆಯನ್ನು ಹಿಡಿದಿಡುವ ಪದಾರ್ಥ ಬೇರೆಯಿರಬಹುದು. ಎರಡು ಮಾತ್ರೆಗಳನ್ನೂ ಸ್ವಯಂಸೇವಕರಿಗೆ ಬೇರೆ ಬೇರೆ ಸಮಯದಲ್ಲಿ ಕೊಟ್ಟು, ಗಂಟೆಗಟ್ಟಲೆ ರಕ್ತ ತೆಗೆದು, ಔಷಧ ಎಷ್ಟು ಸೇರಿತು, ಎಷ್ಟು ಬೇಗ ಸೇರಿತು ಎಂದು ಹೋಲಿಸುತ್ತಾರೆ. ಅಮೆರಿಕದ ಔಷಧ ಆಡಳಿತವು 2009ರಲ್ಲಿ ಪ್ರಕಟವಾದ ವರದಿಯಲ್ಲಿ ಇಂಥ 2,070 ಪರೀಕ್ಷೆಗಳನ್ನು ಒಟ್ಟಿಗೆ ನೋಡಿತು. ರಕ್ತಕ್ಕೆ ಸೇರಿದ ಔಷಧದ ಪ್ರಮಾಣದಲ್ಲಿ ಸರಾಸರಿ ವ್ಯತ್ಯಾಸ ಶೇಕಡಾ 4ಕ್ಕಿಂತ ಕಡಿಮೆ.

ಹಾಗಾದರೆ ಸಂಶಯ ಬರಿಯ ಮೌಢ್ಯವೇ? ಅಲ್ಲ. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದಲ್ಲಿ ತಯಾರಾದ ಕೆಲವು ಎಚ್.ಐ.ವಿ. ಔಷಧಗಳನ್ನು ತನ್ನ ಅನುಮೋದಿತ ಪಟ್ಟಿಯಿಂದ ತೆಗೆಯಿತು. ಮೇಲೆ ಹೇಳಿದ ಹೋಲಿಕೆಯ ಪರೀಕ್ಷೆ ನಡೆಸಿದ ಪ್ರಯೋಗಾಲಯಗಳ ದಾಖಲೆಗಳು ಸರಿಯಿರಲಿಲ್ಲ. ಪರೀಕ್ಷೆ ಮತ್ತೆ ನಡೆದು ಔಷಧಗಳು ಪಟ್ಟಿಗೆ ಮರಳಿದವು. ಪ್ರಶ್ನೆ ಕೇಳುವವರು ಇದ್ದುದರಿಂದಲೇ ಇದು ಹೊರಬಂತು.

ಇನ್ನೊಂದು ಗೊಂದಲವೂ ಉಂಟು. ಆ ಕಾಲದ ಅಗ್ಗದ ಮಿಶ್ರಣಗಳಲ್ಲಿ ಸ್ಟಾವುಡಿನ್ ಎಂಬ ಔಷಧವಿತ್ತು. ಅದನ್ನು ತಿಂದ ಹಲವರಿಗೆ ಪಾದ ಜೋಮು ಹಿಡಿಯುತ್ತಿತ್ತು, ಕೆನ್ನೆ ಗುಳಿ ಬೀಳುತ್ತಿತ್ತು. ಅಗ್ಗದ ಮಾತ್ರೆಯಿಂದಲೇ ಹೀಗಾಯಿತು ಎಂದುಕೊಳ್ಳುವುದು ಸಹಜ. ಆದರೆ ದುಬಾರಿ ಬ್ರ್ಯಾಂಡಿನ ಸ್ಟಾವುಡಿನ್ ಕೂಡ ಇದನ್ನೇ ಮಾಡುತ್ತಿತ್ತು. ದೋಷ ಔಷಧದ್ದು, ಬೆಲೆಯದಲ್ಲ. 2009ರಲ್ಲಿ ಅದನ್ನು ಹಂತಹಂತವಾಗಿ ಕೈಬಿಡಲು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿತು.

ಅಗ್ಗದ ಮಾತ್ರೆಯ ಬಗೆಗಿನ ಮನೋಭಾವ ರೋಗಿ ಎಲ್ಲಿ ನಿಂತಿದ್ದಾರೆ ಎಂಬುದರ ಮೇಲೂ ಇದೆ. 2000ನೇ ಇಸವಿಯ ಸುಮಾರಿಗೆ ಈ ಚಿಕಿತ್ಸೆಗೆ ಒಬ್ಬರಿಗೆ ವರ್ಷಕ್ಕೆ 10,000 ಡಾಲರಿಗೂ ಮಿಕ್ಕಿ ಖರ್ಚು. ನಮ್ಮ 1970ರ ಕಾನೂನು ಔಷಧಕ್ಕಲ್ಲ, ತಯಾರಿಸುವ ವಿಧಾನಕ್ಕೆ ಮಾತ್ರ ಪೇಟೆಂಟ್ ಕೊಡುತ್ತಿತ್ತು. ಬೇರೆ ವಿಧಾನದಿಂದ ಅದೇ ಔಷಧ ಮಾಡಲು ಅಡ್ಡಿಯಿರಲಿಲ್ಲ. (2005ರಿಂದ ಕಾನೂನು ಬದಲಾಗಿದೆ.) 2001ರ ಫೆಬ್ರವರಿಯಲ್ಲಿ ಸಿಪ್ಲಾದ ಯೂಸುಫ್ ಹಮೀದ್ ಮೂರು ಔಷಧಗಳ ಚಿಕಿತ್ಸೆಯನ್ನು ವರ್ಷಕ್ಕೆ 350 ಡಾಲರಿಗೆ ಕೊಡುವುದಾಗಿ 'ಗಡಿಯಿಲ್ಲದ ವೈದ್ಯರು' ಸಂಸ್ಥೆಗೆ ಹೇಳಿದರು. ದಿನಕ್ಕೆ ಒಂದು ಡಾಲರಿಗಿಂತ ಕಡಿಮೆ! ಕ್ಯಾಮರೂನಿನ ರೋಗಿಗೆ ಇದು ಬದಲಿ ಮಾತ್ರೆಯಲ್ಲ, ಅವರು ಕಂಡ ಮೊದಲ ಮಾತ್ರೆ.

ಅಮೆರಿಕದಲ್ಲಿ ಸ್ಥಿತಿ ಬೇರೆ. ಅಲ್ಲಿ 2006ರಿಂದ ದಿನಕ್ಕೊಂದೇ ಮಾತ್ರೆಯಲ್ಲಿ ಮೂರೂ ಔಷಧ ಸಿಗುತ್ತಿತ್ತು. ಅದನ್ನು ಬಿಡಿಸಿ, ಜೆನೆರಿಕ್ ಸೇರಿಸಿ ಮೂರು ಮಾತ್ರೆ ಕೊಟ್ಟರೆ ದೇಶಕ್ಕೆ ಮೊದಲ ವರ್ಷವೇ ಸುಮಾರು 92 ಕೋಟಿ ಡಾಲರ್ ಉಳಿದೀತು ಎಂದು 2013ರ ಒಂದು ಅಧ್ಯಯನ ಲೆಕ್ಕ ಹಾಕಿತು. ಮಾತ್ರೆ ಹೆಚ್ಚಾದರೆ ತಪ್ಪುವುದೂ ಹೆಚ್ಚು, ಚಿಕಿತ್ಸೆಯ ಫಲ ಸ್ವಲ್ಪ ಕುಂದೀತು ಎಂದೂ ಅದೇ ಅಧ್ಯಯನ ಪ್ರಾಮಾಣಿಕವಾಗಿ ಹೇಳಿತು. ವಿಮೆಯಿರುವ ರೋಗಿಗೆ ಅಲ್ಲಿ ನ್ಯಾಯವಾದ ಪ್ರಶ್ನೆಯೊಂದಿದೆ: ತೊಂದರೆ ನನ್ನದು, ಉಳಿತಾಯ ಯಾರದು? ಆ ಹಣ ಇನ್ನೊಬ್ಬರ ಚಿಕಿತ್ಸೆಗೆ ಹೋಗುತ್ತದೆಂದು ಖಾತ್ರಿಯಾದರೆ ಒಪ್ಪುವುದು ಒಂದು, ವಿಮಾ ಕಂಪನಿಯ ಲಾಭಕ್ಕಾದರೆ ಮತ್ತೊಂದು. ಈ ಪ್ರಶ್ನೆ ಕೇಳಿದವರನ್ನು ಸ್ವಾರ್ಥಿಗಳೆನ್ನಲು ನನಗೆ ಮನಸ್ಸು ಬಾರದು.

ಔಷಧದ ಕೆಲಸವನ್ನಂತೂ ಅಳೆಯಬಹುದು. ಅಮ್ಮನನ್ನು ಒಪ್ಪಿಸಿದ್ದು ನನ್ನ ಮಾತಲ್ಲ. ಬಿಳಿ ಮಾತ್ರೆಯನ್ನು ಮೂರು ವಾರ ನುಂಗಿಸಿ, ಡಾಕ್ಟರು ತೋರಿಸಿದ ರಕ್ತದೊತ್ತಡದ ಅಂಕಿ. ಎಚ್.ಐ.ವಿ.ಯಲ್ಲಿ ಆ ಅಂಕಿ ರಕ್ತದ ಪ್ರತಿ ಮಿಲಿಲೀಟರಿನಲ್ಲಿರುವ ವೈರಸ್ಸಿನ ಎಣಿಕೆ. ನಮ್ಮ ದೇಶದ ಸರ್ಕಾರಿ ಆಸ್ಪತ್ರೆಗಳಲ್ಲಿ 2004ರ ಏಪ್ರಿಲ್ 1ರಂದು ಆರಂಭವಾದ ಉಚಿತ ಚಿಕಿತ್ಸೆ ಜೆನೆರಿಕ್‌ಗಳ ಮೇಲೆಯೇ ನಿಂತಿದೆ. ಇಲ್ಲಿ ತಯಾರಕರು ಬದಲಾದಾಗ ಡಬ್ಬಿಯೂ ಬದಲಾಗಬಹುದು. ಆಗ ಹಳೆಯ ಡಬ್ಬಿ, ಹೊಸ ಡಬ್ಬಿ ಎರಡನ್ನೂ ಮೇಜಿನ ಮೇಲಿಟ್ಟು, ಔಷಧದ ಹೆಸರು ಮತ್ತು ಮಿಲಿಗ್ರಾಂ ಒಂದೇ ಎಂದು ರೋಗಿಯಿಂದಲೇ ಓದಿಸಿ, ಮುಂದಿನ ರಕ್ತಪರೀಕ್ಷೆಯ ದಿನಾಂಕವನ್ನು ಬರೆದುಕೊಡಲು ಐದು ನಿಮಿಷ ಸಾಕು.