ಮ್ಯಾಪ್ ಸರಿ, ವಿಳಾಸ ಅರ್ಧ



ನಮ್ಮೂರಲ್ಲಿ ದಾರಿ ಹೇಳುವುದು ಹೇಗೆ? ‘ಮಸೀದಿ ಕಳೆದು ಎಡಕ್ಕೆ, ಗೂಡಂಗಡಿ ಹತ್ತಿರ ಯಾರಲ್ಲಾದರೂ ಕೇಳಿ.’ ಸಿಯಾಟಲ್ ಪಕ್ಕದ ಈ ಶೋರ್‌ಲೈನಲ್ಲಿ ಕೇಳೋಣವೆಂದರೆ ರಸ್ತೆಯಲ್ಲಿ ಜನವೇ ಇಲ್ಲ. ಫೋನಿನ ಮ್ಯಾಪೇ ಗತಿ.

ಡೆಲಿವರಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಮನೆ ನಂಬರು, 15ನೇ ಅವೆನ್ಯೂ ಎಂದಷ್ಟೇ ಹಾಕಿ ಹೊರಟೆ. ಮುಟ್ಟಿದ್ದು 15ನೇ ಅವೆನ್ಯೂ ಎನ್.ಡಬ್ಲ್ಯೂ., ಅಂದರೆ ವಾಯವ್ಯ. ಬೇಕಾಗಿದ್ದು ಎನ್.ಇ., ಈಶಾನ್ಯದ್ದು. ನಡುವೆ ಸುಮಾರು ಮೂರು ಮೈಲಿ. ಊಟ ತಣ್ಣಗಾಗಿತ್ತು, ಗಿರಾಕಿಯ ಬೈಗುಳ ಮಾತ್ರ ಬಿಸಿಬಿಸಿ. ನಾನು ಮ್ಯಾಪಿಗೆ ಬೈದೆ, ತಪ್ಪು ನನ್ನದೇ.

ಜಿಪಿಎಸ್ ಹೇಳುವುದು ನೀವು ನಿಂತ ಜಾಗ ಮಾತ್ರ. ಬಯಲಲ್ಲಾದರೆ ಐದು ಮೀಟರಿನ ಆಸುಪಾಸು ಸರಿ ಇರುತ್ತದೆ. ಎತ್ತರದ ಕಟ್ಟಡ, ದಟ್ಟ ಮರಗಳ ನಡುವೆ ಇನ್ನೂ ತಪ್ಪುತ್ತದೆ. ರಸ್ತೆಯ ಹೆಸರು, ಮನೆ ನಂಬರು ಬೇರೆಯವರು ತುಂಬಿಸಿದ್ದು, ಹಳತಾಗಿರಲೂಬಹುದು. ಇಲ್ಲಿನ ಉತ್ತರದ ಗಡಿಯನ್ನೇ ನೋಡಿ: ನಮ್ಮ ಕಿಂಗ್ ಕೌಂಟಿಗೆ ಅದು ಎನ್. 205ನೇ ಸ್ಟ್ರೀಟ್, ಆಚೆಯ ಸ್ನೊಹೋಮಿಶ್ ಕೌಂಟಿಗೆ ಅದೇ ರಸ್ತೆ 244ನೇ ಸ್ಟ್ರೀಟ್ ಎಸ್.ಡಬ್ಲ್ಯೂ.!

ಊಟ ತಡವಾದರೆ ಬೈಗುಳ. ಆಂಬುಲೆನ್ಸ್ ತಡವಾದರೆ? 911ಕ್ಕೆ ಫೋನ್ ಮಾಡಿದಾಗ ಅವರಿಗೆ ಕಾಣುವ ಜಾಗ ಬರೀ ಅಂದಾಜಿನದ್ದಾಗಿರಬಹುದು. ಹಾಗಾಗಿ ಅಪಾರ್ಟ್‌ಮೆಂಟ್ ನಂಬರು, ಕೊನೆಯ ಎನ್.ಇ. ಸಹಿತ ಪೂರ್ತಿ ವಿಳಾಸ ಬರೆದು ಫ್ರಿಜ್ಜಿಗೆ ಅಂಟಿಸಿ. ಊರಿಂದ ಉಮ್ಮ ಬಂದಿದ್ದರೆ ಅವರಿಗೂ ಬಾಯಿಪಾಠ ಮಾಡಿಸಿ. ನನ್ನ ಉಮ್ಮನಿಗೆ ಮೂರು ದಿನ ಹಿಡಿಯಿತು, ಮಾರಾಯ್ರೆ. ಈಗ ನನಗಿಂತ ಸ್ಪಷ್ಟವಾಗಿ ಹೇಳುತ್ತಾರೆ.